ಬೆಣಚುಕಲ್ಲಿನ ಮಗ್ಗುಲಲ್ಲಿ

ಇವತ್ತು ಬೆಳಿಗ್ಗೆ ಬಟ್ಟೆ ನೆನೆಹಾಕಿದ ಬಕೆಟ್ಟಿನ ನೀರು ಮತ್ತೆ ಕೆಂಪಗಾಯಿತು. ಪ್ಯಾಂಟು ನನ್ನದು. ಹೋದ ವಾರದಿಂದ ಅದನ್ನು ಒಗೆಯುತ್ತಲೇ ಇದ್ದೇವೆ. ಕಾಲಿನ ಮಡಿಕೆಯೊಳಗಿಂದ ಬಣ್ಣ ಹೊಗೆಯ ಹಾಗೆ ಎದ್ದು, ನಿಧಾನವಾಗಿ ಬಕೆಟ್ಟಿನ ತುಂಬ ಹರಡುತ್ತದೆ. ನಾನು ಬಗ್ಗಿ ನೋಡುತ್ತಾ ನಿಂತದ್ದನ್ನು ಕಂಡು ನನ್ನ ಹೆಂಡತಿ, "ಗುಡ್ಡದ ಗಣಿಗೆ ಬಿಳೀ ಪ್ಯಾಂಟು ಹಾಕ್ಕಂಡು ಹೋದೋರು ಇಡೀ ಜಿಲ್ಲೆದಾಗ ನೀವೊಬ್ರ ಇರಬೇಕು" ಎಂದಳು. ಬಿಳಿಯಲ್ಲ, ಕೆನೆ ಬಣ್ಣ ಎಂದು ನಾನು ತಿದ್ದಿದೆ. ಅದು ಈಗ ಗಣಿಯಲ್ಲ, ಜನ ಮೋಜಿಗೆ ಹೋಗುವ ರೆಸಾರ್ಟು ಎಂದೂ ಹೇಳಿದೆ. ಅವಳು ಬಕೆಟ್ಟಿನ ಕಡೆ ಕೈ ತೋರಿಸಿ ಒಳಗೆ ಹೋದಳು. ಆ ಮಣ್ಣಿಗೆ ತಾನು ರೆಸಾರ್ಟಾಗಿರುವುದು ತಿಳಿದಿರಲಿಲ್ಲ.

ಹುಡುಗನಾಗಿದ್ದಾಗ ನಾನು ಬೇಸಿಗೆ ರಜೆಯನ್ನು ಆ ಗುಡ್ಡದ ಮೇಲೆ ಕಳೆದು ಬಂದರೆ, ನನ್ನ ತಾಯಿ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ನಿಲ್ಲಿಸಿ, ತಲೆಯಿಂದ ನೀರು ಹೊಯ್ಯುತ್ತಿದ್ದಳು. ಬಚ್ಚಲ ಮೋರಿಯ ನೀರು ಕೆಂಪಗೆ ಹರಿದು ಓಣಿಗೆ ಇಳಿಯುತ್ತಿತ್ತು. ಪಕ್ಕದ ಮನೆಯ ಅಜ್ಜಿ, "ಏನು ಕಡದೀರಬೇ, ಕುರೀನೋ ಕೋಣಾನೋ? ನಮಗೂ ಒಂದು ಪಾಲು ಕಳಸ್ರಿ" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ನಾನು ಹೆಮ್ಮೆಯಿಂದ ನಿಂತಿರುತ್ತಿದ್ದೆ. ನಮ್ಮ ಓಣಿಯಲ್ಲಿ ಬೇರೆ ಯಾವ ಹುಡುಗನ ಮೈಯಿಂದಲೂ ಕೆಂಪು ನೀರು ಇಳಿಯುತ್ತಿರಲಿಲ್ಲ.

ಆ ಗುಡ್ಡದ ನಿಜವಾದ ಹೆಸರು ಇಲ್ಲಿ ಬೇಡ. ನಾವು ಅದನ್ನು ಮ್ಯಾಲಿನ ಕ್ಯಾಂಪು ಎಂದು ಕರೆಯುತ್ತಿದ್ದೆವು, ನೀವೂ ಹಾಗೇ ಕರೆಯಿರಿ. ಕೂಡ್ಲಿಗಿಯ ಕಡೆಯಿಂದ ಸೊಂಡೂರಿನ ಗುಡ್ಡಸಾಲಿಗೆ ಮುಖಮಾಡಿ ಹೊರಟರೆ, ಒಂದು ತಿರುವಿನಲ್ಲಿ ಹಸಿರು ಗುಡ್ಡದ ನಡುವೆ ಸೀಳಿದ ಹಾಗೆ ಕೆಂಪು ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ಶುರುವಾದ ಗಣಿ ಅದು. ಮೊದಲು ಮ್ಯಾಂಗನೀಸು, ಆಮೇಲೆ ಕಬ್ಬಿಣದ ಅದಿರು. ಹೆಸರಿಗೆ ಕ್ಯಾಂಪು, ನೋಡಿದರೆ ಒಂದು ಊರೇ ಆಗಿತ್ತು. ಕಲ್ಲಿನ ಗೋಡೆಯ ಸಾಲುಮನೆಗಳು, ಅಂಚೆ ಕಚೇರಿ, ಔಷಧದ ವಾಸನೆಯ ಆಸ್ಪತ್ರೆ, ತಗಡಿನ ಟಾಕೀಸು, ವಾರದ ಸಂತೆ. ತಲೆಯ ಮೇಲೆ ಕಬ್ಬಿಣದ ಹಗ್ಗಕ್ಕೆ ಜೋತುಬಿದ್ದ ದೊಡ್ಡ ತೊಟ್ಟಿಗಳು ಅದಿರು ತುಂಬಿಕೊಂಡು ಕಣಿವೆ ದಾಟಿ ಕೆಳಗೆ ಹೋಗುತ್ತಿದ್ದವು. ಅವು ಹೋಗುವಾಗ ಕೀರಲು ದನಿ ಬರುತ್ತಿತ್ತು. ಆ ದನಿ ನಿಂತರೆ ಮಕ್ಕಳು ಎಚ್ಚರವಾಗುತ್ತಿದ್ದವು ಎಂದು ಸಣ್ಣವ್ವ ಹೇಳುತ್ತಿದ್ದಳು.

ಸಣ್ಣವ್ವ ಎಂದರೆ ನನ್ನ ತಾಯಿಯ ತಂಗಿ. ಅವಳ ಗಂಡನನ್ನು ನಾನು ಸಣ್ಣಪ್ಪ ಎನ್ನುತ್ತಿದ್ದೆ. ಇಬ್ಬರದೂ ನಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆಯ ಹತ್ತಿರದ ಹಳ್ಳಿ, ಹೊಲ ಮತ್ತು ಕುರಿ ಇದ್ದ ಮನೆತನ. ಸಣ್ಣಪ್ಪನಿಗೆ ಕುರಿಯ ಹಿಂದೆ ಹೋಗುವುದು ಬೇಸರವಾಗಿ ಗುಡ್ಡ ಹತ್ತಿದ. ಗಣಿಯಲ್ಲಿ ಡ್ರಿಲ್ಲು ಹಿಡಿಯುವ ಕೆಲಸ ಸಿಕ್ಕಿತು. ಸಂಜೆ ಮನೆಗೆ ಬಂದ ಮೇಲೂ ಅವನ ಕೈ ತುಸು ಅಲುಗುತ್ತಲೇ ಇರುತ್ತಿತ್ತು, ಚಹಾದ ಕಪ್ಪು ಬಸಿಗೆ ತಾಗಿ ಸಣ್ಣಗೆ ಗಿಣಿಗಿಣಿ ಎನ್ನುತ್ತಿತ್ತು. ಸಣ್ಣವ್ವ ಅದಿರು ಆರಿಸುವ ಹೆಂಗಸರ ಜೊತೆ ಕೂರುತ್ತಿದ್ದಳು. ಗಣಿಯಿಂದ ಬಂದ ರಾಶಿಯ ಮುಂದೆ ಸಾಲಾಗಿ ಕುಳಿತು ಕರಿಯ ಅದಿರನ್ನು ಒಂದು ಕಡೆಗೆ, ಕೆಲಸಕ್ಕೆ ಬಾರದ ಕಲ್ಲನ್ನು ಇನ್ನೊಂದು ಕಡೆಗೆ ಎಸೆಯುವುದು. ಕೈ ಒಂದು ಕೆಲಸ ಮಾಡಿದರೆ ಬಾಯಿ ಇನ್ನೊಂದು ಮಾಡುತ್ತಿತ್ತು. ಕ್ಯಾಂಪಿನ ಸುದ್ದಿಯೆಲ್ಲ ಆ ರಾಶಿಯ ಮುಂದೆಯೇ ಹುಟ್ಟಿ ಬೆಳೆಯುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲ ಸಣ್ಣಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ. ಗುಡ್ಡದ ದಾರಿ ಕೊಚ್ಚಿ ಹೋಗಿತ್ತು. ಹೆಣವನ್ನು ಊರಿಗೆ ಒಯ್ಯಲಾಗದೆ ಕ್ಯಾಂಪಿನ ಅಂಚಿನ ದಿಬ್ಬದ ಮೇಲೆ, ಉಳಿದವರ ಸಾಲಿನಲ್ಲೇ, ಮಣ್ಣು ಮಾಡಿದರು. ಕ್ಯಾಂಪಿಗೆ ಅದರದೇ ಆದ ಒಂದು ಪದ್ಧತಿ ಇತ್ತು. ಗೋರಿಯ ತಲೆಯ ಕಡೆ ಒಂದು ಅದಿರಿನ ಕಲ್ಲು ಇಡಬೇಕು. ಅದು ತೂಕದ ಕಲ್ಲು, ಕರಡಿ ಕೆದರಿದರೂ ಉರುಳುವುದಿಲ್ಲ. ಜೀವಮಾನವೆಲ್ಲ ಅದನ್ನೇ ಅಗೆದವನಿಗೆ ಕೊನೆಗೆ ಒಂದು ಒಳ್ಳೆಯ ಕಲ್ಲಾದರೂ ಇರಲಿ ಎಂಬ ಮರ್ಯಾದೆಯೂ ಅದರಲ್ಲಿತ್ತು. ಸಣ್ಣವ್ವ ರಾಶಿಯಲ್ಲಿ ಹುಡುಕಿ, ಇಬ್ಬರು ಎತ್ತಲಾರದ ಕಲ್ಲೊಂದನ್ನು ಆರಿಸಿದಳು. ಕರಿ ನೀಲಿ, ಮುರಿದ ಕಡೆ ಕನ್ನಡಿಯ ಹಾಗೆ ಹೊಳೆಯುವಂಥದ್ದು.

ಸಣ್ಣಪ್ಪನ ಮಗ್ಗುಲಲ್ಲೇ ಅದೇ ವರ್ಷದ ಬೇಸಿಗೆಯಲ್ಲಿ ತೀರಿಕೊಂಡ ಅವನ ಗೆಳೆಯನ ಗೋರಿ ಇತ್ತು. ಆ ಗೆಳೆಯನ ಹೆಂಡತಿ ಹನುಮಕ್ಕ, ಕೊಟ್ಟೂರಿನ ಕಡೆಯವಳು, ಸಣ್ಣವ್ವನ ಜೊತೆ ಅದಿರು ಆರಿಸುವವಳು. ಅವಳು ಮಾತ್ರ ಅದಿರಿನ ಕಲ್ಲು ಇಡಲಿಲ್ಲ. ತನ್ನ ತವರಿನ ದೇವರು ಬಿಳಿಯ ಕಲ್ಲು, ತನಗೂ ಬಿಳಿಯದೇ ಬೇಕು ಎಂದು ಒಂದು ದೊಡ್ಡ ಬೆಣಚುಕಲ್ಲು ಉರುಳಿಸಿ ತರಿಸಿ ಅರ್ಧ ಹೂಳಿಸಿದಳು. ಬೆಣಚುಕಲ್ಲು ಎಂದರೆ ಆರಿಸುವವರು ನೋಡದೆಯೇ ಎಸೆಯುವ ಕಲ್ಲು. ಕ್ಯಾಂಪು ಮಾತಾಡಿಕೊಂಡಿತು. ಎಲ್ಲರಿಗಿಂತ ಜೋರಾಗಿ ಸಣ್ಣವ್ವ ಮಾತಾಡಿದಳು. "ದಿನಾ ಅದಿರು ಆರಿಸ್ತಾಳ, ಗಂಡಗ ಮಾತ್ರ ಎಸಿಯೋ ಕಲ್ಲು ಇಟ್ಟಾಳ ನೋಡ್ರಿ" ಎಂದಳು. ಅದು ಹನುಮಕ್ಕನ ಕಿವಿಗೆ ಬಿತ್ತು. ಆಮೇಲೆ ಇಬ್ಬರೂ ರಾಶಿಯ ಎರಡು ತುದಿಗೆ ಕೂರತೊಡಗಿದರು.

ಕೆಲವು ವರ್ಷಗಳಾದ ಮೇಲೆ ಹಳೆಯ ಗಣಿ ಮುಚ್ಚಿತು, ಜನ ಇಳಿದು ಹೋದರು. ಸಣ್ಣವ್ವ ಹಳ್ಳಿಗೆ ಬಂದು ಮಗನನ್ನು ಬೆಳೆಸಿದಳು. ಆ ಮಗ ಈಗ ಕುರಿಯ ಹಿಂದೆ ಹೋಗುತ್ತಾನೆ, ಅಪ್ಪನಿಗೆ ಬೇಸರವಾದದ್ದು ಅವನಿಗೆ ಆಗಿಲ್ಲ. ನಂತರ ಅದಿರಿಗೆ ಚಿನ್ನದ ಕಾಲ ಬಂತಲ್ಲ, ನಿಮಗೂ ನೆನಪಿರುತ್ತದೆ, ರಸ್ತೆಯ ತುಂಬ ಲಾರಿಗಳು ಓಡಾಡಿದ ಕಾಲ. ಆಗ ಗುಡ್ಡಕ್ಕೆ ಗೇಟು ಬಿತ್ತು, ಹೊರಗಿನವರನ್ನು ಬಿಡುತ್ತಿರಲಿಲ್ಲ. ಆ ಕಾಲವೂ ಮುಗಿದು ಗುಡ್ಡ ಸುಮ್ಮನಾದ ಮೇಲೆ, ಯಾರೋ ಹಳೆಯ ಸಾಲುಮನೆಗಳಿಗೆ ಸುಣ್ಣ ಬಳಿದು, ಟೆಂಟು ಹಾಕಿ, ಮೋಜಿನ ತಾಣ ಮಾಡಿದ್ದಾರೆಂದು ಸುದ್ದಿ ಬಂತು.

ನಾನು ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಬಂತು, ಯಾವುದು ಹೋಯಿತು, ಯಾರು ಹತ್ತಿದರು, ಯಾರು ಉಳಿದರು, ಇದನ್ನೆಲ್ಲ ಕಂಡಷ್ಟೇ ಹೇಳುವ ಅಭ್ಯಾಸ ಆ ಕುರ್ಚಿಯಿಂದ ಬಂದದ್ದು. ಇಲ್ಲಿಯೂ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಊಹೆಯಿದ್ದರೆ ಊಹೆ ಎಂದೇ ಹೇಳುತ್ತೇನೆ. ಅವಸರ ಮಾಡಬೇಡಿ, ಬಸ್ಸು ಬರುತ್ತದೆ.

ಈ ಸಲದ ಮಳೆಗಾಲದಲ್ಲಿ ಸಣ್ಣವ್ವ ಹಾಸಿಗೆ ಹಿಡಿದು ಎದ್ದಳು. ಎದ್ದವಳೇ ನನಗೆ ಹೇಳಿ ಕಳಿಸಿದಳು. ಹೋದೆ. ಬೇವಿನ ಗಿಡದ ಕೆಳಗೆ ಕುಳಿತಿದ್ದಳು.

"ನಾ ಸತ್ತರ ನನ್ನ ಈ ಹೊಲದಾಗ ಮಣ್ಣು ಮಾಡ್ತಾರ" ಎಂದಳು.

"ಈಗ್ಯಾಕ ಸಣ್ಣವ್ವ ಆ ಮಾತು?"

"ಮಳೀ ಮಾತು ಮಳಿ ಬರೋಕಿಂತ ಮೊದಲ ಆಡಬೇಕು. ಇಲ್ಲಿ ನಿಮ್ಮ ಸಣ್ಣಪ್ಪನ ಅಪ್ಪ ಅದಾನ, ಅವ್ವ ಅದಾಳ, ತಮ್ಮ ಅದಾನ. ಆತ ಒಬ್ಬ ಇಲ್ಲ. ಹಿರೇರಿಗೆ ಎಡಿ ಇಟ್ಟಾಗೆಲ್ಲ ನನಗ ಅನಸ್ತೈತಿ, ಎಲ್ಲಾರೂ ಉಣ್ಣಾಕ ಕುಂತಾರ, ಆತ ಹೊರಗ ನಿಂತಾನ. ಒಂದು ಹಿಡಿ ಮಣ್ಣು ತಂದು ನನ್ನ ಮಗ್ಗಲದಾಗ ಹಾಕ್ಬೇಕು."

ನಮ್ಮ ಕಡೆ ಹೀಗೆ ಮಾಡುವುದುಂಟು. ಪರ ಊರಿನಲ್ಲಿ ಮಣ್ಣಾದವನ ಗೋರಿಯಿಂದ ಒಂದು ಹಿಡಿ ಮಣ್ಣು ತಂದು ಮನೆಯ ಹೊಲದಲ್ಲಿ ಹಾಕಿದರೆ ಅವನು ಮನೆಗೆ ಬಂದ ಹಾಗೆ. ಕುರಿ ಕಾಯುವ ಮಗ, "ಮಣ್ಣು ಎಲ್ಲೀದಾದರ ಏನವ್ವ" ಎಂದು ಒಂದು ಸಲ ಅಂದಿದ್ದನಂತೆ. "ಹಂಗಾರ ನಿನ್ನ ಕುರಿ ಯಾವ ಹಿಂಡಿಗೆ ಹೋದರೇನು, ಬಿಡು" ಎಂದು ಇವಳು ಉತ್ತರ ಕೊಟ್ಟಿದ್ದಾಳೆ. ನಾನು ಮಾತ್ರ ಧೈರ್ಯವಾಗಿ, ದಿಬ್ಬದ ಮೇಲೆ ಹುಣಸೆ ಮರ, ಮರದ ಬಲಕ್ಕೆ ಸಣ್ಣಪ್ಪ, ನನಗೆ ಕಣ್ಣು ಕಟ್ಟಿದರೂ ಗೊತ್ತು ಎಂದುಬಿಟ್ಟೆ.

ಕಾರು ಮಾಡಿಕೊಂಡು ಹೋಗಿ ಎಂದು ಹೆಂಡತಿ ಹೇಳಿದರೂ ನಾನೂ ಸಣ್ಣವ್ವನೂ ಬಸ್ಸಿನಲ್ಲೇ ಹೊರಟೆವು. ಕಂಟ್ರೋಲರ್ ಆಗಿದ್ದವನು ಕಾರಿನಲ್ಲಿ ಹೋದರೆ ಬಸ್ಸುಗಳಿಗೆ ಏನನ್ನಿಸಬೇಡ? ಗುಡ್ಡದ ಬುಡದಿಂದ ರೆಸಾರ್ಟಿನವರದೇ ಜೀಪು. ಮೇಲೆ ಇಳಿದಾಗ ಬಿಸಿಲು ಹದವಾಗಿತ್ತು. ಗುಡ್ಡ ಚೆನ್ನಾಗಿ ಹಸಿರಾಗಿತ್ತು. ಸುಳ್ಳು ಹೇಳಬಾರದು, ಚಂದವಾಗಿತ್ತು. ಹಳೆಯ ಸಾಲುಮನೆಗಳ ಬಾಗಿಲಿಗೆ ನೀಲಿ ಬಣ್ಣ, ಕಿಟಕಿಗೆ ಪರದೆ, ಒಂದೊಂದರ ಮುಂದೆ ಹೂವಿನ ಕುಂಡ. ಅದಿರಿನ ತೊಟ್ಟಿಗಳು ಹೋಗುತ್ತಿದ್ದ ದಾರಿಯಲ್ಲಿ ಈಗ ಜನರೇ ತಂತಿಗೆ ಜೋತುಬಿದ್ದು ಕಣಿವೆಯ ಮೇಲೆ ಕೂಗುತ್ತಾ ಹೋಗುತ್ತಿದ್ದರು.

ಸಣ್ಣವ್ವ ಅವರನ್ನು ಸ್ವಲ್ಪ ಹೊತ್ತು ನೋಡಿದಳು. "ಅದಿರು ಒದರತಿದ್ದಿಲ್ಲ" ಎಂದಳು.

ದಿಬ್ಬದ ಕಡೆ ಹೋಗಬೇಕಾದರೆ ತಲೆಗೆ ಹೆಲ್ಮೆಟ್ಟು ಹಾಕಲೇಬೇಕಂತೆ. ಅದನ್ನು ಹೇಳಿದವನು ಅಲ್ಲಿಯ ಮ್ಯಾನೇಜರು, ಕೊಟ್ರೇಶಿ ಎಂದು ಹೆಸರು. ಗುಡೇಕೋಟೆ ಕಡೆಯವನು, ನಲವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ. ಹಳದಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದು, "ಅವ್ವಾ, ಮುದುಕೇರಿಗೆ ಬ್ಯಾಡ ಅನ್ನಬೋದು, ಆದರ ರೂಲ್ಸ್ ಐತಿ. ಸೇಫ್ಟಿ" ಎಂದ.

"ಕೊಡಪ್ಪ, ಕೊಡು" ಎಂದು ಸಣ್ಣವ್ವ ಅದನ್ನು ಸೆರಗಿನ ಮೇಲೆಯೇ ಇಟ್ಟುಕೊಂಡಳು. "ನನ್ನ ಗಂಡ ಇಲ್ಲೇ ಸುರಂಗದಾಗ ದುಡದಾನ, ಬರೇ ಟವಲ್ ಸುತ್ತಿಗಂಡು. ಗುಡ್ಡ ನೋಡಾಕ ಬಂದೋರಿಗೆ ಟೋಪಿ ಕೊಡ್ತೀರಿ. ಚಲೋ ಆತು, ಯಾರ ತಲೀಗಾದರೂ ಬಂತಲ್ಲ."

ಕೊಟ್ರೇಶಿ ನಕ್ಕ. ಆಮೇಲೆ ನಗುವುದನ್ನು ನಿಲ್ಲಿಸಿ, "ಗಂಡ ಇಲ್ಲೇ ಅಂದ್ರ, ದಿಬ್ಬದ ಮ್ಯಾಲೇನು?" ಎಂದು ಕೇಳಿದ. ಹೌದು ಎಂದಳು. ಅವನು ತನ್ನ ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಜೊತೆ ಬಂದ. ಅದನ್ನು ನಾನು ಗಮನಿಸಿದೆ, ಅರ್ಥವಾಗಲಿಲ್ಲ.

ದಿಬ್ಬದ ಮೇಲೆ ಹುಣಸೆ ಮರ ಇರಲಿಲ್ಲ. ನಾನು ಅಲ್ಲಿ ಬೇರೊಂದು ಮರ ನೋಡಿ, ಇದೇ ಎಂದು ಹೇಳಿ, ಬಲಕ್ಕೆ ತಿರುಗಿ ಗಂಭೀರವಾಗಿ ನೆಲ ತೋರಿಸಿದೆ. "ಲೇ, ಇದು ಜಾಲಿ" ಎಂದಳು ಸಣ್ಣವ್ವ. "ಇಷ್ಟು ವರ್ಷ ಜನರನ್ನ ಯಾವ ಬಸ್ಸಿಗೆ ಹತ್ತಿಸಿದ್ಯೋ ಏನೋ." ಗೋರಿಗಳ ಸಾಲು ಎಲ್ಲಿಯೂ ಕಾಣಲಿಲ್ಲ. ನೆಲ ತಟ್ಟಿದ ಹಾಗೆ ಸಮವಾಗಿತ್ತು. ಅಂಚಿನಲ್ಲಿ, ಸಂಜೆಯ ಸೂರ್ಯನನ್ನು ನೋಡಲೆಂದು ಮರದ ಹಲಗೆಗಳ ಒಂದು ಅಟ್ಟ ಕಟ್ಟಿದ್ದರು. ಅದರ ಪಕ್ಕಕ್ಕೆ ಸೆಲ್ಫಿ ಪಾಯಿಂಟ್ ಎಂಬ ಫಲಕ. ಫಲಕದ ಕೆಳಗೆ ಒಂದು ದೊಡ್ಡ ಬಿಳಿಯ ಕಲ್ಲು, ಕಲ್ಲಿನ ಮೇಲೆ ಒಬ್ಬಳು ಹುಡುಗಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಳು. ಅವಳ ಗೆಳತಿ ಫೋಟೋ ತೆಗೆಯುತ್ತಿದ್ದಳು.

ಸಣ್ಣವ್ವ ನಿಂತುಬಿಟ್ಟಳು. ನನ್ನ ಮುಂಗೈ ಹಿಡಿದಳು. ಹಿಡಿತ ಬಿಗಿಯಾಗಿತ್ತು.

"ಯವ್ವಾ, ಎದ್ದೇಳು" ಎಂದಳು ಹುಡುಗಿಗೆ. "ಅದು ಕುಂದ್ರೋ ಕಲ್ಲಲ್ಲ."

"ಯಾಕಜ್ಜಿ, ನಿಮ್ಮದಾ?" ಹುಡುಗಿ ನಗುತ್ತಲೇ ಕೇಳಿದಳು.

"ನಮ್ಮದಲ್ಲ. ಹನುಮಕ್ಕನ ಗಂಡಂದು. ಕೆಳಗ ಅದಾನ."

ಹುಡುಗಿ ಎದ್ದಳು. ನಿಜ ಹೇಳಬೇಕೆಂದರೆ ಹಾರಿದಳು. ಗೆಳತಿಯರಿಬ್ಬರೂ ಕಲ್ಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಹೋದರು. ಸಣ್ಣವ್ವ ಬೆಣಚುಕಲ್ಲಿನ ಎಡಕ್ಕೆ ಬಂದು, ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಟ್ಟು, ಅಟ್ಟದ ಅಂಚಿನ ಹಲಗೆಯ ಮೇಲೆ ನಿಂತಳು. "ಇಲ್ಲಿ. ಈ ಹಲಗಿ ಕೆಳಗ" ಎಂದಳು. ಆಮೇಲೆ ಸುತ್ತಲೂ ನೋಡಿ, "ನನ್ನ ಕಲ್ಲು ಎಲ್ಲಿ? ಎಸಿಯೋ ಕಲ್ಲು ಐತಿ, ನನ್ನ ಕಲ್ಲು ಎಲ್ಲಿ?" ಎಂದು ಕೇಳಿದಳು.

ಉತ್ತರ ಕೊಟ್ಟವನು ಕೊಟ್ರೇಶಿ.

"ಅವ್ವಾ, ಅದಿರಿನ ಲಾರಿ ಓಡೋ ಟೈಮಿನಾಗ ನೆಲದ ಮ್ಯಾಲೆ ಬಿದ್ದ ಅದಿರಿಗೂ ರೇಟ್ ಬಂತು. ಹೊಲದ ಬದು ಕಿತ್ತು ಕೊಟ್ಟೋರು ಅದಾರ, ಹಿತ್ತಲ ಒಗಿಯೋ ಕಲ್ಲು ಕೊಟ್ಟೋರು ಅದಾರ. ಇಲ್ಲಿ ಕಲ್ಲು ಸಾಲಿಡಿದು ಕುಂತಿದ್ದವು. ಗೋರಿ ಅನ್ನೋದು ಎಲ್ಲಾರಿಗೂ ಗೊತ್ತಿತ್ತು. ಒಬ್ಬ ಒಂದು ಕಲ್ಲು ಎತ್ತಿದ, ಆಮ್ಯಾಲೆ ಯಾರೂ ನಿಂದ್ರಲಿಲ್ಲ. ಕಲ್ಲು ತಗದ್ರು, ಕೆಳಗಿನ ಮಣ್ಣಾಗೂ ಅದಿರು ಐತಿ ಅಂತ ಅದನ್ನೂ ಎತ್ತಿದ್ರು. ಈ ಬಿಳೇ ಕಲ್ಲು ಯಾರಿಗೂ ಬ್ಯಾಡಾತು. ಮಷೀನು ಇದರ ಸುತ್ತ ಹಾದು ಹೋತು." ಅವನು ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ನಾ ಟಿಪ್ಪರ್ ಹೊಡೀತಿದ್ದೆ. ನನ್ನ ಗಾಡಿಯಾಗೂ ಹೋಗಿರಬೋದು."

ಸಣ್ಣವ್ವ ಅವನ ಮುಖ ನೋಡಿದಳು. ಅವಳು ಬೈಯುತ್ತಾಳೆ ಎಂದು ನಾನು ಅಂದುಕೊಂಡೆ. ಅಳುತ್ತಾಳೆ ಎಂದೂ ಅಂದುಕೊಂಡೆ.

"ತೂಕ ಚಲೋ ಬಂತೇನು?" ಎಂದು ಕೇಳಿದಳು.

ಕೊಟ್ರೇಶಿ ಹೆಲ್ಮೆಟ್ಟನ್ನು ಹಲಗೆಯ ಮೇಲೆ ಇಟ್ಟ.

"ಬಂದಿರಬೇಕು. ನಾನ ಆರಿಸಿದ ಕಲ್ಲು ಅದು."

ಆ ಮಾತನ್ನು ಅವಳು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದಳು. ಈಗಲೂ ಊಟಕ್ಕೆ ಕುಳಿತಾಗ, ಬಸ್ಸಿಗೆ ಕಾಯುವಾಗ, ಆ ದನಿ ನನಗೆ ಕೇಳಿಸುತ್ತದೆ. ಬೈದಿದ್ದರೆ ಇಷ್ಟು ಕೇಳಿಸುತ್ತಿರಲಿಲ್ಲ ಎನ್ನುವುದು ನನ್ನ ಊಹೆ.

ಕೊಟ್ರೇಶಿ ಹೋಗಿ ಹಾರೆ ತಂದ. ಅಟ್ಟದ ಹಲಗೆ ಕೀಳುವುದೆಂದರೆ ಅವನ ಕೆಲಸಕ್ಕೇ ಕುತ್ತು ಬರುವ ಮಾತು. ನಾನು ಅದನ್ನು ಹೇಳಿದೆ. "ಮೊಳಿ ಸಡಲಾಗ್ಯಾವ, ರಿಪೇರಿ ಅಂತೀನಿ ಬಿಡ್ರಿ ಸರ್" ಎಂದು ಎರಡು ಹಲಗೆ ಎಬ್ಬಿಸಿದ. ಸಣ್ಣವ್ವ ಹೆಲ್ಮೆಟ್ಟು ಹಾಕಿಕೊಂಡೇ ಮೊಣಕಾಲೂರಿ ಕೈ ಒಳಗೆ ಇಳಿಸಿದಳು. ಮೇಲೆ ಬಂದದ್ದು ಹಳದಿ ಗರಸು ಮಣ್ಣು. ಇನ್ನೂ ಆಳಕ್ಕೆ ಕೈ ಹಾಕಿದಳು. ಹಳದಿ. ಅಗೆದು ಬರಿದಾದ ಜಾಗವನ್ನು ಕೆಳಗಿನ ಊರಿಂದ ಗರಸು ತಂದು ತುಂಬಿಸಿದ್ದರು. ಸಣ್ಣಪ್ಪನ ಕಲ್ಲು ಹೋಗಿತ್ತು, ಮಣ್ಣೂ ಹೋಗಿತ್ತು. ಆ ಗುಂಡಿಯಲ್ಲಿ ಅವನದೆಂದು ಹೇಳಿಕೊಳ್ಳಲು ಏನೂ ಉಳಿದಿರಲಿಲ್ಲ. ನಾನು ಮುಖ ತಿರುಗಿಸಿ ಕಣಿವೆಯ ಕಡೆ ನೋಡಿದೆ. ಯಾರೋ ತಂತಿಯ ಮೇಲೆ ಕೂಗುತ್ತಾ ಹೋದರು.

ತಿರುಗಿ ನೋಡಿದಾಗ ಸಣ್ಣವ್ವ ಬೆಣಚುಕಲ್ಲಿನ ಬುಡದಲ್ಲಿ ಕುಳಿತಿದ್ದಳು. ಯಂತ್ರ ಸುತ್ತಿ ಹೋಗಿದ್ದ ಆ ಕಲ್ಲಿನ ಸುತ್ತ ಒಂದು ಮೊರದಷ್ಟು ಜಾಗದಲ್ಲಿ ಹಳೆಯ ನೆಲ ಹಾಗೇ ಉಳಿದಿತ್ತು, ಕೆಂಪಗೆ. ಅವಳು ಅದನ್ನು ಬೆರಳಿನಿಂದ ಕೆದರುತ್ತಿದ್ದಳು.

"ಇಬ್ಬರೂ ಮಗ್ಗಲದಾಗ ಮಲಗಿದ್ದರು" ಎಂದಳು, ನನಗೋ ತನಗೋ. "ಇಷ್ಟು ವರ್ಷದ ಮಳಿ ಇಬ್ಬರ ನಡುವೆ ಗ್ವಾಡಿ ಕಟ್ಟಿತ್ತೇನು? ಅವನದು ಇವನ ಕಡೆ ಹರದಿರತೈತಿ, ಇವನದು ಅವನ ಕಡೆ." ಮನೆಯಿಂದ ತಂದಿದ್ದ ಹೊಸ ಬಿಳಿ ಬಟ್ಟೆಯಲ್ಲಿ ಒಂದು ಬೊಗಸೆ ಮಣ್ಣು ಹಾಕಿ ಗಂಟು ಕಟ್ಟಿದಳು. ಕಟ್ಟಿದವಳು ಏಳದೆ ಕುಳಿತೇ ಇದ್ದಳು. "ಆದರ ಇದು ಹನುಮಕ್ಕನ ಜಾಗ. ಕೇಳದ ಒಯ್ದರ ನನಗೂ ಆ ಲಾರಿಯೋರಿಗೂ ಏನು ಫರಕು?"

ಕೊಟ್ರೇಶಿ ನಮ್ಮನ್ನು ಜೀಪಿನವರೆಗೆ ಬಿಟ್ಟ. ಹೆಲ್ಮೆಟ್ಟು ವಾಪಸು ಕೊಡುವಾಗ ಸಣ್ಣವ್ವ ಅವನ ತಲೆ ಮುಟ್ಟಿದಳು.

ಕೊಟ್ಟೂರು ನಮ್ಮ ಹಿಂದಿರುಗುವ ದಾರಿಯಲ್ಲೇ ಇದೆ. ಹನುಮಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಗೊತ್ತಿತ್ತು. ಕೇಳಿಕೊಂಡು ಹೋದೆವು. ಬಾಗಿಲ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ.

"ಯಾರು?"

"ನಾನ. ಮ್ಯಾಲಿನ ಕ್ಯಾಂಪಿನಾಕಿ."

"ಕ್ಯಾಂಪಿನ್ಯಾಗ ಒಂದು ಊರು ಮಂದಿ ಇತ್ತು. ಯಾವಾಕಿ?"

"ನಿನ್ನ ಮಗ್ಗಲ ಗೋರಿಯಾಕಿ."

ಹನುಮಕ್ಕ ಆಗ ಕತ್ತೆತ್ತಿ ಕಣ್ಣು ಕಿರಿದು ಮಾಡಿ ನೋಡಿದಳು. "ಓ, ದೊಡ್ಡ ಬಾಯಾಕಿ! ಇನ್ನೂ ಅದಿಯೇನು? ನಾ ನಿನ್ನ ಮಾತು ಕೇಳಿ ಭಾಳ ದಿನ ಆತು, ಸತ್ತಿರಬೇಕು ಅನ್ಕಂಡಿದ್ದೆ. ಕುಂದ್ರು."

ಸಣ್ಣವ್ವ ಕುಳಿತು, ಕಂಡದ್ದನ್ನೆಲ್ಲ ಹೇಳಿದಳು. ಅದಿರಿನ ಕಲ್ಲುಗಳು ಲಾರಿ ಹತ್ತಿದ್ದು, ಎಸೆಯುವ ಕಲ್ಲು ಉಳಿದದ್ದು. ತಾನು ಆಡಿದ್ದ ಮಾತನ್ನೂ ಬಿಡಲಿಲ್ಲ. ಹನುಮಕ್ಕ ಶೇಂಗಾ ಸುಲಿಯುತ್ತಲೇ ಕೇಳಿದಳು. ಸಣ್ಣವ್ವ ಗಂಟನ್ನು ಮುಂದಿಟ್ಟು, "ಇದು ನಿನ್ನ ಗಂಡನ ಬುಡದ ಮಣ್ಣು. ನನ್ನಾತಗ ಬ್ಯಾರೆ ಉಳದಿಲ್ಲ. ನೀ ಕೊಟ್ಟರ ಒಯ್ತೀನಿ. ಇಬ್ಬರೂ ಬರ್ಲಿ, ನಮ್ಮ ಹೊಲ ದೊಡ್ಡದೈತಿ" ಎಂದಳು.

"ಬ್ಯಾಡ" ಎಂದಳು ಹನುಮಕ್ಕ.

ಹನುಮಕ್ಕ ಮಾತು ಮುಂದುವರಿಸಿದಳು: "ನಮ್ಮಾತ ಜೀವಂತ ಇದ್ದಾಗ ಗುಡ್ಡ ಇಳೀ ಅಂತ ಕಾಲು ಬಿದ್ದೆ. ಇಳೀಲಿಲ್ಲ. ಗಾಳಿ ಚಲೋ ಐತಿ ಅಂತಿದ್ದ. ಈಗ ನಿನ್ನ ಹೊಲಕ್ಕ ಯಾಕ ಇಳೀಬೇಕು? ನಿನ್ನ ಗಂಡನ್ನ ನೀ ಒಯ್ಯಿ. ನನ್ನಾತನ್ನ ಅಲ್ಲೇ ವಾಪಸ್ ಹಾಕಿ ಬಾ."

"ಹೆಂಗ ಬ್ಯಾರೆ ಮಾಡ್ಲೇ? ಎರಡೂ ಒಂದಾಗ್ಯಾವ."

ಹನುಮಕ್ಕ ಶೇಂಗಾ ಪಕ್ಕಕ್ಕೆ ಸುರಿದು ಮೊರ ಖಾಲಿ ಮಾಡಿದಳು. "ದುಡಿದಿದ್ದು ಮರತಿಯೇನು? ಹಾಕು ಇಲ್ಲಿ."

ಮಣ್ಣನ್ನು ಮೊರದಲ್ಲಿ ಹರಡಿದರು. ಅದರಲ್ಲಿ ಕರಿಯ ಅದಿರಿನ ಚೂರುಗಳಿದ್ದವು, ಎಳ್ಳಿನಷ್ಟು, ಕಡಲೆಯಷ್ಟು. ಬೆಣಚಿನ ಬಿಳಿ ಚಕ್ಕೆಗಳೂ ಇದ್ದವು. ಇಬ್ಬರು ಮುದುಕಿಯರು ಎದುರಾಬದುರು ಕುಳಿತು ಆರಿಸತೊಡಗಿದರು. ಕರಿಯದು ಸಣ್ಣವ್ವನ ಕಡೆಗೆ, ಬಿಳಿಯದು ಹನುಮಕ್ಕನ ಕಡೆಗೆ. ಕೆಂಪು ಮಣ್ಣನ್ನು ಅಂಗೈಯ ಅಂಚಿನಿಂದ ನಡುವೆ ಗೆರೆ ಎಳೆದು ಎರಡು ಮಾಡಿದರು. ಆ ಗುಡ್ಡದಲ್ಲಿ ಅದಿರಿನ ಚೂರು ಎಲ್ಲಿಲ್ಲ? ಆ ಕರಿಯ ಚೂರು ಸಣ್ಣಪ್ಪನ ಕಲ್ಲಿನದೇ ಎಂದು ಯಾರೂ ಹೇಳಲಾರರು. ಅವರ ಕೈಗಳಿಗೆ ಸಂಶಯವಿರಲಿಲ್ಲ. ನಾನು ಕಂಡದ್ದು ಅಷ್ಟು. ನಡುನಡುವೆ ಮಾತೂ ಹೊರಟಿತು. ಯಾರ ಮಗಳು ಎಲ್ಲಿ, ಯಾರಿಗೆ ಕಣ್ಣು ಹೋಯಿತು, ಟಾಕೀಸಿನ ಗೇಟಿನವ ಯಾರನ್ನು ಕಟ್ಟಿಕೊಂಡ. ಮಗಳು ತಂದಿಟ್ಟ ಚಹಾ ಆರಿಹೋಯಿತು.

"ಇದು ಬಿಳೇದು, ಈ ಕಡಿ ಕೊಡು" ಎಂದಳು ಹನುಮಕ್ಕ ಒಮ್ಮೆ. "ಕಣ್ಣು ಕಾಣ್ಸಂಗಿಲ್ಲ ನಿನಗ."

"ತಗಾ ನಿನ್ನ ಗಂಡನ್ನ. ಯಾರಿಗೆ ಬೇಕಾಗ್ಯಾನ" ಎಂದಳು ಸಣ್ಣವ್ವ.

ಇಬ್ಬರೂ ನಕ್ಕರು. ಹನುಮಕ್ಕ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಸಣ್ಣವ್ವನ ಪಾಲಿನ ಮಣ್ಣು ಮರುದಿನವೇ ಹೊಲ ಸೇರಿತು. ಮಗ ತಾನೇ ಗುದ್ದಲಿ ಹಿಡಿದು ಅಗೆದ. ಅವಳು ಗಂಟು ಬಿಚ್ಚಿ ಹಾಕಿ, ಎಡೆಯಿಟ್ಟು, ಪಕ್ಕದ ಖಾಲಿ ಜಾಗವನ್ನು ಒಂದು ಸಲ ನೋಡಿದಳು, ಹೊಸ ಮನೆಯಲ್ಲಿ ಮಂಚ ಹಿಡಿಯುತ್ತದೋ ಇಲ್ಲವೋ ಎಂದು ನೋಡುವ ಹಾಗೆ. "ಸಾಕು" ಎಂದಳು. ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡಳು ಎಂದು ಸೊಸೆ ನನಗೆ ಹೇಳಿದಳು.

ಹನುಮಕ್ಕನ ಪಾಲಿನ ಇನ್ನೊಂದು ಗಂಟು ನನ್ನ ಹತ್ತಿರ ಇದೆ. ಸಣ್ಣವ್ವನ ಮೊಣಕಾಲು ಮತ್ತೆ ಗುಡ್ಡ ಹತ್ತುವ ಹಾಗಿಲ್ಲ, ಹನುಮಕ್ಕನದಂತೂ ಇಲ್ಲವೇ ಇಲ್ಲ. ಆಯ್ದ ಮಣ್ಣನ್ನು ಮರಳಿ ಬೆಣಚುಕಲ್ಲಿನ ಬುಡಕ್ಕೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಯಾರಾದರೂ ನನಗೆ ಇಂಥ ಕೆಲಸ ಹೇಳಿದ್ದರೆ, ಮಣ್ಣಿಗೆ ಮಣ್ಣು ಒಯ್ಯುವುದೇ ಎಂದು ನಾನು ಖಂಡಿತ ನಗುತ್ತಿದ್ದೆ. ಸಣ್ಣವ್ವನ ಮಗನ ಮಾತೇ ನನ್ನದೂ ಆಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಈಗ ಗಂಟನ್ನು ಎಲ್ಲಿಡಬೇಕೆಂದು ಮನೆಯೆಲ್ಲ ಓಡಾಡಿ, ಕೊನೆಗೆ ನಾನು ಪೇಪರು ಓದುವ ಕುರ್ಚಿಯ ಎದುರಿನ ಕುರ್ಚಿಯ ಮೇಲೆ ಇಟ್ಟಿದ್ದೇನೆ. ಫ್ಯಾನು ಹಾಕುವಾಗ ಅತ್ತ ನೋಡಿ ಹಾಕುತ್ತೇನೆ.

ಸ್ವಲ್ಪ ಹೊತ್ತಿನ ಹಿಂದೆ ಕೊಟ್ರೇಶಿಗೆ ಫೋನು ಮಾಡಿ, ಹನುಮಕ್ಕ ಹೇಳಿದ್ದನ್ನು ತಿಳಿಸಿ, ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದೆ.

"ಬರ್ರಿ ಸರ್, ಬುಡಕ್ಕ ಜೀಪು ಕಳಸ್ತೀನಿ. ಎಷ್ಟು ಮಂದಿ ಬರ್ತೀರಿ?"

"ಹತ್ತೋವಾಗ ಇಬ್ಬರು" ಎಂದೆ. "ಇಳಿಯೋವಾಗ ನಾನೊಬ್ಬ."

ಕೊಟ್ರೇಶಿ, "ಆತ್ರಿ. ಮುಂದಿನ ಸೀಟು ಖಾಲಿ ಇಡಸ್ತೀನಿ" ಎಂದ.